ಮಳೆಗಾಲದಲ್ಲಿ ನೀಲಿ ಮಾಸಿದರೆ: ಸಯನೋಟೈಪ್ ರಾಸಾಯನಿಕಗಳ ತೂಕ ಮತ್ತು ಅಳತೆಯ ದೋಷ ಹುಡುಕುವ ಕ್ರಮ

ಕಬ್ಬಿಣದ ಲವಣ ಬಳಿದ ಕಾಗದಕ್ಕೆ ಬೆಳಕು ಕೊಟ್ಟು ನೀಲಿ ಚಿತ್ರ ಮೂಡಿಸುವ ವಿಧಾನ ಸಯನೋಟೈಪ್. ಅದರಲ್ಲಿ ಫೆಬ್ರವರಿಯಲ್ಲಿ ಗಾಢ ನೀಲಿ ಕೊಟ್ಟ ಸೂತ್ರವೇ ಜುಲೈಯಲ್ಲಿ ಮಂಕು ನೀಲಿ ಕೊಡತೊಡಗಿದರೆ ನಾವು ಮೊದಲು ದೂರುವುದು ಕಾಗದವನ್ನು, ಆಮೇಲೆ ಬೆಳಕನ್ನು. ತೂಕ ಮಾಡಿದ ಮೇಜಿನ ಕಡೆಗೆ ಕಣ್ಣು ಹೋಗುವುದು ಎಲ್ಲಕ್ಕೂ ಕೊನೆಯಲ್ಲಿ, ಅದೂ ಅರ್ಧ ಕಟ್ಟು ಕಾಗದ ಹಾಳಾದ ಮೇಲೆ. ನನ್ನ ಅನುಭವದಲ್ಲಿ ಈ ಕ್ರಮ ತಲೆಕೆಳಗಾಗಬೇಕು. ಮುಂಬಯಿಯಂಥ ಕಡಲತೀರದ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಟ್ಟುವ ದೋಷಗಳಲ್ಲಿ ಹೆಚ್ಚಿನವು ತಕ್ಕಡಿ, ಪೊಟ್ಟಣ ಮತ್ತು ನೀರು ಅಳೆಯುವ ಸಿಲಿಂಡರ್ ಈ ಮೂರರ ನಡುವೆ ಹುಟ್ಟಿದವು. ಅವುಗಳನ್ನು ಒಂದು ಸಂಜೆಯಲ್ಲಿ, ಹೆಚ್ಚು ಖರ್ಚಿಲ್ಲದೆ ಪತ್ತೆ ಮಾಡಬಹುದು.

ಡೊಂಬಿವಲಿಯ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಉಡುಪಿ ಕಡೆಯ ಒಂದು ಕುಟುಂಬವಿದೆ. ಆ ಮನೆಯ ಹುಡುಗಿ ಚಿತ್ರಕಲೆ ಓದುತ್ತಾಳೆ, ಎರಡು ವರ್ಷದಿಂದ ಸಯನೋಟೈಪ್ ಮಾಡುತ್ತಿದ್ದಾಳೆ. ಕಳೆದ ಜುಲೈಯಲ್ಲಿ ಒಂದು ಕಂತೆ ಮಂಕು ಪ್ರಿಂಟುಗಳನ್ನು ಹಿಡಿದು ಬಂದವಳು, "ಮಾಮ, ಎಲ್ಲ ಮೊದಲಿನ ಹಾಗೆಯೇ ಮಾಡಿದ್ದೇನೆ, ಆದರೂ ನೀಲಿ ಹಿಡಿಯುತ್ತಲೇ ಇಲ್ಲ" ಎಂದಳು. ಅವಳು ಬಿಸಿಲನ್ನು ನಂಬಿ ಕೂರುವವಳಲ್ಲ. ನೇರಳಾತೀತ ಟ್ಯೂಬುಗಳ ಪೆಟ್ಟಿಗೆಯೊಂದನ್ನು ಮಾಡಿಸಿಕೊಂಡಿದ್ದಾಳೆ. ಕಾಗದವೂ ಅದೇ ಕಟ್ಟಿನದು. ಹಾಗಾಗಿ ಮೋಡದ ಮೇಲೆ ತಪ್ಪು ಹೊರಿಸಿ ಸುಮ್ಮನಾಗುವಂತಿರಲಿಲ್ಲ. ಅವಳ ಪ್ರಿಂಟುಗಳ ದೋಷವನ್ನು ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಆ ದಾರಿ ಬೇರೆ ಪ್ರಕ್ರಿಯೆಗಳಿಗೂ ಸಲ್ಲುತ್ತದೆ.

ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಈ ವಿಧಾನದ ರೂಢಿಯ ಸೂತ್ರ ಸರಳವಾದದ್ದು. 25 ಗ್ರಾಂ ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟನ್ನು ನೀರಿನಲ್ಲಿ ಕರಗಿಸಿ 100 ಮಿಲಿ ಮಾಡಿದರೆ 'ಎ' ದ್ರಾವಣ. 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡನ್ನು ಕರಗಿಸಿ 100 ಮಿಲಿ ಮಾಡಿದರೆ 'ಬಿ' ದ್ರಾವಣ. ಎರಡನ್ನೂ ಸಮಭಾಗ ಬೆರೆಸಿ ಕಾಗದಕ್ಕೆ ಬಳಿಯುತ್ತೇವೆ. ಬೆಳಕು ಬಿದ್ದಲ್ಲಿ ಸಿಟ್ರೇಟಿನ ಫೆರಿಕ್ ಕಬ್ಬಿಣ ಫೆರಸ್ ಆಗಿ ಬದಲಾಗುತ್ತದೆ, ಅದು ಫೆರಿಸಯನೈಡಿನೊಡನೆ ಕೂಡಿ ನೀರಿನಲ್ಲಿ ಕರಗದ ನೀಲಿಯಾಗುತ್ತದೆ. ಸಿಟ್ರೇಟ್ ಕಡಿಮೆಯಾದರೆ ನೀಲಿಯಾಗುವ ಕಬ್ಬಿಣವೇ ಕಡಿಮೆ. ಫೆರಿಸಯನೈಡ್ ಹೆಚ್ಚಾದರೆ ಅದರ ಹಳದಿ ಬಣ್ಣ ನೇರಳೆ ತುದಿಯ ಬೆಳಕನ್ನು ತಾನೇ ನುಂಗುವುದರಿಂದ ಪ್ರಿಂಟ್ ನಿಧಾನವಾಗುತ್ತದೆ. ಈ ಸೂತ್ರ ಸಣ್ಣಪುಟ್ಟ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ ಎನ್ನುವುದು ನಿಜ. ಎರಡು ತಪ್ಪುಗಳು ಒಂದೇ ದಿಕ್ಕಿಗೆ ವಾಲಿದಾಗ ಮಾತ್ರ ಆ ಸಹನೆ ಸಾಲುವುದಿಲ್ಲ.

ಮೊದಲ ಹೆಜ್ಜೆ: ಹಳೆಯದನ್ನು ಹೊಸದರೊಡನೆ ಅಡ್ಡ ಬೆರೆಸುವುದು

ಅದೃಷ್ಟಕ್ಕೆ ಅವಳ ಬಳಿ ಫೆಬ್ರವರಿಯ ಎರಡು ದ್ರಾವಣಗಳೂ ಕಂದು ಬಾಟಲಿಗಳಲ್ಲಿ ತಳದಷ್ಟು ಉಳಿದಿದ್ದವು. ಒಂದೇ ಕಾಗದದ ಮೇಲೆ ನಾಲ್ಕು ಪಟ್ಟಿ ಬಳಿದೆವು: ಹಳೆಯ ಎ ಹಳೆಯ ಬಿ, ಹಳೆಯ ಎ ಹೊಸ ಬಿ, ಹೊಸ ಎ ಹಳೆಯ ಬಿ, ಹೊಸ ಎ ಹೊಸ ಬಿ. ಪ್ರತಿ ಪಟ್ಟಿಯ ಮೇಲೂ ಸರದಿಯಂತೆ 21 ಮೆಟ್ಟಿಲಿನ ಸ್ಟೆಪ್ ಟ್ಯಾಬ್ಲೆಟ್ (ಮೆಟ್ಟಿಲು ಮೆಟ್ಟಿಲಾಗಿ ಕಪ್ಪು ಹೆಚ್ಚುತ್ತಾ ಹೋಗುವ ಫಿಲ್ಮ್ ಪಟ್ಟಿ) ಇಟ್ಟು ಅಷ್ಟೇ ಹೊತ್ತು ಬೆಳಕು ಕೊಟ್ಟು, ಅಷ್ಟೇ ಹೊತ್ತು ತೊಳೆದೆವು. ಈ ಟ್ಯಾಬ್ಲೆಟ್ಟಿನಲ್ಲಿ ಒಂದೊಂದು ಮೆಟ್ಟಿಲಿಗೂ 0.15 ಸಾಂದ್ರತೆಯ ಅಂತರವಿರುವುದರಿಂದ ಎರಡು ಮೆಟ್ಟಿಲು ಕಡಿಮೆ ಬಂದರೆ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕು ಬೇಕೆಂದು ಅರ್ಥ. ಹಳೆಯ ಜೋಡಿ ಫೆಬ್ರವರಿಯಲ್ಲಿ ಕೊಟ್ಟಷ್ಟೇ ನೀಲಿ ಕೊಟ್ಟಿತು. ಅಲ್ಲಿಗೆ ಕಾಗದವೂ ಟ್ಯೂಬುಗಳೂ ತೊಳೆಯುವ ನೀರೂ ನಿರ್ದೋಷಿಗಳೆಂದು ಒಮ್ಮೆಲೇ ತಿಳಿಯಿತು. ನಡುವಿನ ಎರಡು ಪಟ್ಟಿಗಳು ಒಂದೊಂದು ಮೆಟ್ಟಿಲಿನಷ್ಟು ಹಿಂದೆ ಬಿದ್ದವು. ಹೊಸ ಜೋಡಿ ಮೂರು ಮೆಟ್ಟಿಲು ಹಿಂದೆ ಬಿತ್ತು.

ಈ ಪರೀಕ್ಷೆಯನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅವಳು ಅದಕ್ಕೆ ಮೊದಲು 'ಎ' ದ್ರಾವಣವನ್ನು ಮಾತ್ರ ಹೊಸದಾಗಿ ಮಾಡಿ ನೋಡಿದ್ದಳು, ಫಲ ಸಿಗದೆ 'ಎ' ಸರಿಯಿದೆ ಎಂದು ತೀರ್ಮಾನಿಸಿದ್ದಳು. ದೋಷ ಎರಡು ಕಡೆ ಇದ್ದಾಗ ಒಂದನ್ನಷ್ಟೇ ಬದಲಿಸಿದರೆ ಹೀಗೇ ದಾರಿ ತಪ್ಪುತ್ತದೆ. ಆದ್ದರಿಂದ ಚೆನ್ನಾಗಿ ಬಂದ ಪ್ರತಿ ಕಂತಿನಿಂದಲೂ ಐದೈದು ಮಿಲಿ ದ್ರಾವಣವನ್ನು ಕತ್ತಲಲ್ಲಿ ತೆಗೆದಿಟ್ಟುಕೊಳ್ಳುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಮುಂದೊಂದು ದಿನ ಸಾಕ್ಷಿ ಹೇಳುವುದು ಅದೇ.

ಬಿಳಿ ಟೈಲ್ ಒಂದಿದ್ದರೆ ಇನ್ನೊಂದು ಪರೀಕ್ಷೆಯನ್ನೂ ಜತೆಯಲ್ಲೇ ಮುಗಿಸಬಹುದು. ಮಂದ ಬೆಳಕಿನಲ್ಲಿ ಎ ಮತ್ತು ಬಿಯ ಒಂದೊಂದು ಹನಿಯನ್ನು ಟೈಲಿನ ಮೇಲೆ ಬೆರೆಸಿದರೆ ಹಳದಿ ಮಿಶ್ರಿತ ಹಸಿರು ಉಳಿಯಬೇಕು. ಒಂದೆರಡು ನಿಮಿಷದಲ್ಲೇ ನೀಲಿಗಟ್ಟಿದರೆ ಸಿಟ್ರೇಟ್ ಬಾಟಲಿಯಲ್ಲೇ ಬೆಳಕು ಕಂಡು ಕೆಟ್ಟಿದೆ, ಇಲ್ಲವೇ ಫೆರಿಸಯನೈಡಿನಲ್ಲಿ ಫೆರೋಸಯನೈಡ್ ಸೇರಿದೆ. ಅದು ತೂಕದ ದೋಷವಲ್ಲ. ಎಷ್ಟು ತೂಗಿದರೂ ಸರಿಹೋಗುವುದಿಲ್ಲ. ಅಂಥ ಪ್ರಿಂಟಿನಲ್ಲಿ ಬಿಳಿ ಇರಬೇಕಾದ ಜಾಗವೂ ನೀಲಿಯಾಗಿರುತ್ತದೆ. ತೂಕ ತಪ್ಪಿದ ಪ್ರಿಂಟಿನಲ್ಲಾದರೋ ಬಿಳಿ ಸ್ವಚ್ಛವಾಗಿದ್ದು ನೆರಳಿನ ಭಾಗ ಮಾತ್ರ ಸೊರಗಿರುತ್ತದೆ. ಈ ಎರಡು ಚಹರೆಗಳನ್ನು ಬೇರೆ ಮಾಡಿ ಗುರುತಿಸಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ನಮ್ಮ ಟೈಲ್ ಹಸಿರಾಗಿಯೇ ಉಳಿಯಿತು.

ತಕ್ಕಡಿ ನುಂಗಿದ ತೂಕ

ಅವಳದು 0.01 ಗ್ರಾಂ ತೋರಿಸುವ, ಅಂಗೈಯಗಲದ ಡಿಜಿಟಲ್ ತಕ್ಕಡಿ. ಮಳೆಗಾಲದಲ್ಲಿ ದ್ರಾವಣಕ್ಕೆ ಬೂಸ್ಟು ಹಿಡಿಯುತ್ತದೆಂದು ಅವಳು ಹತ್ತು ಹತ್ತು ಮಿಲಿಯಷ್ಟೇ ಮಾಡಿಕೊಳ್ಳುತ್ತಿದ್ದಳು. ಅಂದರೆ 'ಬಿ'ಗೆ ಬೇಕಾದದ್ದು ಬರೀ 1 ಗ್ರಾಂ ಫೆರಿಸಯನೈಡ್. ಕಂತು ಚಿಕ್ಕದಾದಷ್ಟೂ ತೂಕದ ತಪ್ಪು ದೊಡ್ಡದಾಗುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಅವಳು ತೂಗುವುದನ್ನು ಪಕ್ಕದಲ್ಲಿ ನಿಂತು ನೋಡಿದೆ. ಮಡಚಿದ ಬೆಣ್ಣೆ ಕಾಗದದ ದೋಣಿಯನ್ನು ತಟ್ಟೆಯ ಮೇಲಿಟ್ಟು ಟೇರ್ ಗುಂಡಿ ಒತ್ತಿದಳು, 0.00 ಬಂತು. ಚಮಚದ ತುದಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಕೆಂಪು ಹರಳುಗಳನ್ನು ನಾಲ್ಕು ನಾಲ್ಕಾಗಿ ಬೀಳಿಸಿದಳು. ದೋಣಿಯ ತಳದಲ್ಲಿ ಎದ್ದು ಕಾಣುವಷ್ಟು ಹರಳು ಕೂಡಿದರೂ ಅಂಕಿ 0.00ರಿಂದ ಅಲುಗಲಿಲ್ಲ. ಆಮೇಲೆ ಒಮ್ಮೆಲೇ 0.05ಕ್ಕೆ ಹಾರಿ, ಅಲ್ಲಿಂದ ನೆಟ್ಟಗೆ ಏರಿ 1.00ಕ್ಕೆ ನಿಂತಿತು. ಈಗ ದೋಣಿಯನ್ನು ಎತ್ತು ಎಂದೆ. ಖಾಲಿ ದೋಣಿ 0.62 ಗ್ರಾಂ ಇತ್ತೆಂದು ನಾನು ಮೊದಲೇ ಬರೆದುಕೊಂಡಿದ್ದೆ. ಗುಂಡಿ ಒತ್ತಿದಾಗಿನ ಸೊನ್ನೆ ಕದಲದೆ ಇದ್ದಿದ್ದರೆ ತಟ್ಟೆ ಬರಿದಾದಾಗ ಋಣ 0.62 ತೋರಬೇಕಿತ್ತು. ತೋರಿದ್ದು ಋಣ 0.93. ತಟ್ಟೆಯನ್ನು ಮತ್ತೆ ಸೊನ್ನೆ ಮಾಡಿ ಹರಳು ತುಂಬಿದ ದೋಣಿಯನ್ನು ಇಟ್ಟಾಗ 1.93 ಬಂತು. ಅದರಲ್ಲಿ ದೋಣಿಯ 0.62 ಕಳೆದರೆ 1.31. ಒಂದು ಗ್ರಾಂ ಎಂದು ನಂಬಿದಲ್ಲಿ ಮೂರನೇ ಒಂದು ಭಾಗದಷ್ಟು ಹೆಚ್ಚು ಫೆರಿಸಯನೈಡ್ ಹೋಗುತ್ತಿತ್ತು.

ತಕ್ಕಡಿ ಕೆಟ್ಟಿರಲಿಲ್ಲ. ಬಿಸಿ, ತೇವ, ಗಾಳಿಗಳಿಂದ ಸೊನ್ನೆ ಅತ್ತಿತ್ತ ಸರಿಯದಿರಲೆಂದು ಇಂಥ ತಕ್ಕಡಿಗಳಲ್ಲಿ ಸೊನ್ನೆಯನ್ನು ತಾನಾಗಿ ಹಿಡಿದಿಡುವ ಏರ್ಪಾಡು ಇರುತ್ತದೆ. ಸೊನ್ನೆಯ ಹತ್ತಿರ ಬಹಳ ನಿಧಾನವಾಗಿ ಏರುವ ತೂಕವನ್ನು ಅದು ಸೊನ್ನೆಯ ಅಲುಗಾಟವೆಂದೇ ಭಾವಿಸಿ ಅಳಿಸಿಹಾಕುತ್ತದೆ. ಎಚ್ಚರಿಕೆಯಿಂದ ಚೂರು ಚೂರೇ ಸುರಿಯುವವರೇ ಇದಕ್ಕೆ ಹೆಚ್ಚು ಬಲಿಯಾಗುತ್ತಾರೆ. ಪರಿಹಾರವೂ ಸುಲಭ. ಖಾಲಿ ಪಾತ್ರೆಯನ್ನು ತೂಗಿ ಬರೆದಿಟ್ಟುಕೊಳ್ಳಿ, ಟೇರ್ ಒತ್ತಬೇಡಿ, ಪುಡಿಯನ್ನು ತಕ್ಕಡಿಯಿಂದ ಹೊರಗೆ ಪಾತ್ರೆಗೆ ಹಾಕಿ, ತಟ್ಟೆ ಸೊನ್ನೆ ತೋರುತ್ತಿರುವಾಗ ಪಾತ್ರೆ ಸಮೇತ ಇಟ್ಟು ಓದಿ, ಪಾತ್ರೆಯ ತೂಕ ಕಳೆಯಿರಿ. ಹೆಚ್ಚು ಕಡಿಮೆಯಾದರೆ ಪಾತ್ರೆಯನ್ನು ಎತ್ತಿಕೊಂಡೇ ಸರಿಪಡಿಸಿ ಮತ್ತೆ ಇಡಿ.

ಇದರ ಜತೆಗೆ ತಕ್ಕಡಿಯೇ ನಂಬಿಕೆಗೆ ಅರ್ಹವೇ ಎಂಬುದನ್ನು ವಾರಕ್ಕೊಮ್ಮೆಯಾದರೂ ನೋಡಬೇಕು. ಔಷಧಿ ಅಂಗಡಿಯ 10 ಮಿಲಿ ಸಿರಿಂಜಿನಲ್ಲಿ ಗುಳ್ಳೆಯಿಲ್ಲದಂತೆ ಡಿಸ್ಟಿಲ್ಡ್ ನೀರನ್ನು ಎಳೆದು ತಕ್ಕಡಿಯ ಮೇಲಿನ ಲೋಟಕ್ಕೆ ಹಾಕಿದರೆ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು 9.96 ಗ್ರಾಂ ತೂಗಬೇಕು. ಸಿರಿಂಜಿನ ಗೆರೆಯಲ್ಲೂ ಅಲ್ಪ ಸಡಿಲ ಇರುವುದರಿಂದ 9.8 ಮತ್ತು 10.1ರ ನಡುವೆ ಬಂದರೆ ಚಿಂತೆಯಿಲ್ಲ. ಆಗ ತಕ್ಕಡಿ, ಸಿರಿಂಜ್ ಎರಡೂ ಒಟ್ಟಿಗೆ ಪಾಸಾದಂತೆ. ಅಂತರ ಹೆಚ್ಚಾದರೆ ಯಾವುದು ತಪ್ಪು ಎಂದು ನಾಣ್ಯ ಹೇಳುತ್ತದೆ. ರೂಪಾಯಿ ಚಿಹ್ನೆಯೊಡನೆ 2011ರಿಂದ 2018ರವರೆಗೆ ಬಂದ ಹಳದಿ ಲೋಹದ ಐದು ರೂಪಾಯಿ ನಾಣ್ಯದ ನಿಗದಿತ ತೂಕ 6 ಗ್ರಾಂ. ಸವೆಯದ ಐದು ನಾಣ್ಯಗಳನ್ನು ಆರಿಸಿ ಒಟ್ಟಿಗೆ ಇಟ್ಟು 30 ಗ್ರಾಂ ಆಸುಪಾಸು ಬರುತ್ತದೆಯೇ ನೋಡಿ. ನಿಖರವಾದ ಬಟ್ಟು ಕೊಳ್ಳುವುದು ಇನ್ನೂ ಒಳ್ಳೆಯದು, ಆದರೆ ಅದು ಬರುವವರೆಗೆ ಕೆಲಸ ನಿಲ್ಲಿಸಬೇಕಾಗಿಲ್ಲ.

ತೂಗುವಾಗ ಸೀಲಿಂಗ್ ಫ್ಯಾನ್ ಆರಿಸಲೇಬೇಕು. ಎಷ್ಟೇ ಸೆಖೆಯಿದ್ದರೂ ಆ ಐದು ನಿಮಿಷ ತಾಳಿಕೊಳ್ಳಬೇಕು. ಹಳಿಯ ಪಕ್ಕದ ಮನೆಗಳಲ್ಲಿ ಫಾಸ್ಟ್ ಲೋಕಲ್ ಹಾದುಹೋಗುವಾಗ ಕೊನೆಯ ಅಂಕಿ ಕುಣಿಯುತ್ತದೆ, ಅದು ನಿಂತ ಮೇಲೆ ಓದಿ. ಬ್ಯಾಟರಿ ಇಳಿದ ತಕ್ಕಡಿಯನ್ನು ನಂಬಬೇಡಿ. ಅಡುಗೆಮನೆಯ ತಕ್ಕಡಿಯನ್ನು ಈ ಕೆಲಸಕ್ಕೆ, ಈ ಕೆಲಸದ ತಕ್ಕಡಿಯನ್ನು ಅಡುಗೆಮನೆಗೆ ಎಂದೂ ಒಯ್ಯಬೇಡಿ.

ಪೊಟ್ಟಣ ಕುಡಿದ ನೀರು

'ಬಿ'ಯ ದೋಷ ಹೀಗೆ ಸಿಕ್ಕಿತು. 'ಎ'ಯದು ಪೊಟ್ಟಣದೊಳಗಿತ್ತು. ಫೆರಿಕ್ ಅಮೋನಿಯಂ ಸಿಟ್ರೇಟ್ ಗಾಳಿಯ ತೇವವನ್ನು ಬೆಲ್ಲದಂತೆ ಹೀರುತ್ತದೆ. ಪ್ರಿನ್ಸೆಸ್ ಸ್ಟ್ರೀಟಿನ ಅಂಗಡಿಯಿಂದ ತಂದಾಗ ಉದುರುದುರಾಗಿದ್ದ ಹಸಿರು ಪುಡಿ ಅವಳ ಡಬ್ಬಿಯಲ್ಲಿ ಅಂಚಿಗೆ ಅಂಟಿಕೊಂಡು ಹೊಳೆಯುತ್ತಿತ್ತು, ಚಮಚಕ್ಕೆ ಮುದ್ದೆಯಾಗಿ ಬರುತ್ತಿತ್ತು. ಅಂಥ ಪುಡಿಯಲ್ಲಿ 2.5 ಗ್ರಾಂ ತೂಗಿದರೆ ತಕ್ಕಡಿ ಸುಳ್ಳು ಹೇಳುವುದಿಲ್ಲ, ಆದರೆ ಆ 2.5 ಗ್ರಾಂನಲ್ಲಿ ಒಂದು ಪಾಲು ನೀರೇ. ಸಂದೇಹವಿದ್ದರೆ ಚಿಕ್ಕ ಗಾಜಿನ ತಟ್ಟೆಯಲ್ಲಿ ಸ್ವಲ್ಪ ಪುಡಿ ಹರಡಿ, ತೂಗಿ, ಬೆಳಕಿಲ್ಲದ ಕಡೆ ತೆರೆದಿಟ್ಟು ಒಂದು ಗಂಟೆಯ ನಂತರ ಮತ್ತೆ ತೂಗಿ ನೋಡಿ. ಮಳೆ ಹಿಡಿದ ದಿನ ಅದರ ತೂಕ ಏರಿದ್ದನ್ನು ಕಣ್ಣಾರೆ ಕಂಡವರು ಆಮೇಲೆ ಡಬ್ಬಿಯ ಮುಚ್ಚಳವನ್ನು ಒಂದು ಕ್ಷಣವೂ ತೆರೆದಿಡುವುದಿಲ್ಲ.

ತೇವವಾದದ್ದನ್ನು ಬಿಸಿ ಮಾಡಿ ಒಣಗಿಸುವ ಯೋಚನೆ ಬೇಡ. ಶಾಖಕ್ಕೆ ಅದು ಕೆಡುತ್ತದೆ. ನಾನು ಪಾಲಿಸುವ ಕ್ರಮ ಬೇರೆ. 100 ಗ್ರಾಂನ ಪೊಟ್ಟಣ ತಂದ ದಿನವೇ, ಅದನ್ನು ತೂಗುವ ಗೋಜಿಗೆ ಹೋಗದೆ, ಪೂರ್ತಿಯಾಗಿ ನೀರಿಗೆ ಹಾಕಿ ಒಟ್ಟು 400 ಮಿಲಿ ಮಾಡಿಬಿಡುತ್ತೇನೆ. ಕಾರ್ಖಾನೆಯಲ್ಲಿ ಒಣ ಸ್ಥಿತಿಯಲ್ಲಿ ತೂಗಿ ಮೊಹರು ಹಾಕಿದ ತೂಕ ನನ್ನ ಮನೆಯ ಯಾವ ತೂಕಕ್ಕಿಂತಲೂ ನಂಬಿಗಸ್ತ. ದ್ರಾವಣವಾದ ಮೇಲೆ ಅದು ಗಾಳಿಯಿಂದ ನೀರು ಕುಡಿಯುವ ಭಯವಿಲ್ಲ. ಬೂಸ್ಟಿನ ಕಾಟಕ್ಕೆ ಒಂದು ಚಿಕ್ಕ ಥೈಮಾಲ್ ಹರಳು ಸಾಕು. ಬೂಸ್ಟು ಬಂದರೂ ಫಿಲ್ಟರ್ ಕಾಗದದಲ್ಲಿ ಸೋಸಿ ಬಳಸಬಹುದು. ಬೂಸ್ಟಿಗೆ ಹೆದರಿ ಹತ್ತು ಮಿಲಿ ಮಾಡಿಕೊಳ್ಳುವುದರಿಂದ ಆಗುವ ನಷ್ಟ ಇದಕ್ಕಿಂತ ಹೆಚ್ಚು. ಫೆರಿಸಯನೈಡಿಗೆ ಈ ತೇವದ ಚಾಳಿ ಇಲ್ಲ, ಬಿಗಿಯಾಗಿ ಮುಚ್ಚಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಅದನ್ನು ಆಮ್ಲಗಳಿಂದ ದೂರವಿಡಬೇಕು ಎಂಬುದನ್ನು ಮಾತ್ರ ಮರೆಯಬಾರದು. ಪ್ರಬಲ ಆಮ್ಲ ಮತ್ತು ಶಾಖ ಸೇರಿದರೆ ವಿಷಾನಿಲ ಹೊರಡುತ್ತದೆ.

ನೀರಿನ ಗೆರೆ

ಸೂತ್ರ '25 ಗ್ರಾಂ, 100 ಮಿಲಿ' ಎಂದಾಗ 100 ಮಿಲಿ ನೀರಿಗೆ 25 ಗ್ರಾಂ ಹಾಕುವವರು ಅನೇಕರು. ಪುಡಿಯೂ ಜಾಗ ಹಿಡಿಯುವುದರಿಂದ ಮಟ್ಟ 100ರ ಗೆರೆಯನ್ನು ದಾಟಿ ಮೇಲೇರುತ್ತದೆ, ದ್ರಾವಣ ಅಷ್ಟರ ಮಟ್ಟಿಗೆ ನೀರಾಗುತ್ತದೆ. ಸರಿಯಾದ ಕ್ರಮವೆಂದರೆ ಸುಮಾರು 70 ಮಿಲಿ ನೀರಿನಲ್ಲಿ ಪುಡಿಯನ್ನು ಕರಗಿಸಿ, ತಣ್ಣಗಾದ ಮೇಲೆ ಸಿಲಿಂಡರಿಗೆ ಸುರಿದು, ಗೆರೆಯವರೆಗೆ ನೀರು ತುಂಬುವುದು. ಬೀಕರಿನ ಮೈಮೇಲಿರುವ ಗೆರೆಗಳು ಅಂದಾಜಿಗಷ್ಟೇ. ಅವುಗಳಲ್ಲಿ ನೂರಕ್ಕೆ ಐದರಷ್ಟು ವ್ಯತ್ಯಾಸ ಸಾಮಾನ್ಯ. ಸಿಲಿಂಡರನ್ನು ಮೇಜಿನ ಮೇಲಿಟ್ಟು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ತಗ್ಗಿದ ಮೇಲ್ಮೈಯ ಅಡಿಭಾಗವನ್ನು ಓದಬೇಕು.

ಚೂರು ಪ್ರಮಾಣಕ್ಕೆ ತಕ್ಕಡಿಗಿಂತ ಸಿರಿಂಜ್ ಮೇಲು. ಕಾಂಟ್ರಾಸ್ಟ್ ಹೆಚ್ಚಿಸಲು 0.05 ಗ್ರಾಂ ಪೊಟ್ಯಾಸಿಯಂ ಡೈಕ್ರೋಮೇಟ್ ಬೇಕೆನ್ನಿ. 0.01ರ ತಕ್ಕಡಿಯಲ್ಲಿ ಒಂದಂಕಿ ಆಚೀಚೆಯಾದರೂ ನೂರಕ್ಕೆ ಇಪ್ಪತ್ತು ತಪ್ಪು. ಅದರ ಬದಲು 1.00 ಗ್ರಾಂ ತೂಗಿ 100 ಮಿಲಿ ಮಾಡಿಕೊಂಡು ಅದರಲ್ಲಿ 5 ಮಿಲಿ ಎಳೆದುಕೊಂಡರೆ ಆ ತಪ್ಪು ನೂರಕ್ಕೆ ಒಂದೆರಡಕ್ಕೆ ಇಳಿಯುತ್ತದೆ. ಕ್ಯಾನ್ಸರ್ ತರಬಲ್ಲ ಈ ಕಿತ್ತಳೆ ಪುಡಿಯ ಡಬ್ಬಿಯನ್ನು ಪದೇ ಪದೇ ತೆರೆಯುವುದೂ ತಪ್ಪುತ್ತದೆ. ತೆರೆಯುವ ಒಂದು ಸಲ ಮುಖಗವಸು, ಕೈಗವಸು ಎರಡೂ ಇರಲಿ.

ಬೇರೆ ಪ್ರಕ್ರಿಯೆಗಳಲ್ಲಿ ಇದೇ ದೋಷದ ಚಹರೆ

ಕಾಗದಕ್ಕೆ ಉಪ್ಪು, ಆಮೇಲೆ ಸಿಲ್ವರ್ ನೈಟ್ರೇಟ್ ಬಳಿದು ಮಾಡುವ ಸಾಲ್ಟ್ ಪ್ರಿಂಟಿನಲ್ಲಿ ತೂಕದ ತಪ್ಪು ಮೊದಲ ದಿನದಿಂದಲೂ ಕಥೆಯ ಭಾಗವೇ ಆಗಿದೆ. ಉಪ್ಪು ಕಡಿಮೆ ಬಿದ್ದ ಕಡೆ ಕಾಗದ ಬೇಗ ಕಪ್ಪಾಗುವುದನ್ನು, ಉಪ್ಪು ಹೆಚ್ಚಾದರೆ ಬೆಳಕಿಗೆ ಸ್ಪಂದಿಸದಿರುವುದನ್ನು ಆ ವಿಧಾನ ಕಂಡುಹಿಡಿದ ಟಾಲ್ಬಟ್ 1830ರ ದಶಕದಲ್ಲೇ ಗಮನಿಸಿದ್ದ. 1 ಗ್ರಾಂ ಅಡುಗೆ ಉಪ್ಪು ತನ್ನೊಡನೆ ಸುಮಾರು 2.9 ಗ್ರಾಂ ಸಿಲ್ವರ್ ನೈಟ್ರೇಟನ್ನು ಕಟ್ಟಿಹಾಕುತ್ತದೆ. ಅಮೋನಿಯಂ ಕ್ಲೋರೈಡ್ ಆದರೆ ಸುಮಾರು 3.2 ಗ್ರಾಂ. ಬೆಳ್ಳಿಯ ಲವಣ ಉಪ್ಪಿಗಿಂತ ಧಾರಾಳವಾಗಿ ಉಳಿದರೆ ಮಾತ್ರ ನೆರಳು ಗಾಢವಾಗುತ್ತದೆ. ಆದ್ದರಿಂದ ಪ್ರಿಂಟ್ ನಿಧಾನವಾಗಿ, ಬೂದು ಬೂದಾಗಿ ಬಂದರೆ ಉಪ್ಪನ್ನು ಹೆಚ್ಚು ತೂಗಿದ್ದೀರಾ ಅಥವಾ ಒಂದು ಕ್ಲೋರೈಡಿಗೆ ಇನ್ನೊಂದನ್ನು ಸಮತೂಕದಲ್ಲಿ ಬದಲಿಸಿದ್ದೀರಾ ಎಂದು ಮೊದಲು ನೋಡಿ. ಸಿಲ್ವರ್ ನೈಟ್ರೇಟ್ ಹಾಕಿದೊಡನೆ ನೀರು ಹಾಲಿನಂತಾದರೆ ತೂಗಿದ ಬೆಳ್ಳಿ ನಲ್ಲಿ ನೀರಿನ ಕ್ಲೋರೈಡಿಗೆ ವ್ಯರ್ಥವಾಯಿತೆಂದು ಅರ್ಥ. ಗ್ಯಾರೇಜಿನ ಬ್ಯಾಟರಿ ನೀರನ್ನೂ ಒಂದು ಹನಿ ಹಾಕಿ ಪರೀಕ್ಷಿಸಿಯೇ ಬಳಸಿ.

ಕಂದು ಚಿತ್ರ ಕೊಡುವ ವ್ಯಾನ್‌ಡೈಕ್ ಬ್ರೌನ್‌ ವಿಧಾನದಲ್ಲಿ 100 ಮಿಲಿಗೆ 9 ಗ್ರಾಂ ಸಿಟ್ರೇಟ್, 1.5 ಗ್ರಾಂ ಟಾರ್ಟಾರಿಕ್ ಆಮ್ಲ, 3.8 ಗ್ರಾಂ ಸಿಲ್ವರ್ ನೈಟ್ರೇಟ್ ಎಂಬ ಲೆಕ್ಕ ರೂಢಿಯಲ್ಲಿದೆ. ಸಣ್ಣ ಕಂತಿನಲ್ಲಿ ಆ 1.5 ಗ್ರಾಂ 0.15ಕ್ಕೆ ಇಳಿಯುತ್ತದೆ, ತಕ್ಕಡಿ ನುಂಗುವುದು ಹೆಚ್ಚಾಗಿ ಅದನ್ನೇ.

ಗೋಂದು, ಬಣ್ಣ, ಡೈಕ್ರೋಮೇಟ್ ಬೆರೆಸಿ ಬಳಿಯುವ ಗಮ್ ಬೈಕ್ರೋಮೇಟಿನಲ್ಲಿ ತಕ್ಕಡಿಯನ್ನೇ ಬಿಟ್ಟು 'ತಳದಲ್ಲಿ ಹರಳು ಉಳಿಯುವಷ್ಟು ಕರಗಿಸಿ' ಎಂಬ ಅಳತೆ ಬಳಸುವವರಿದ್ದಾರೆ. ಪುಣೆಯ ಗೆಳೆಯರೊಬ್ಬರಿಗೆ ಇದು ಎರಡು ಚಳಿಗಾಲ ಕಾಡಿತು. ಪೊಟ್ಯಾಸಿಯಂ ಡೈಕ್ರೋಮೇಟ್ 10 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 8 ಗ್ರಾಂ ಕರಗಿದರೆ 30 ಡಿಗ್ರಿಯಲ್ಲಿ ಸುಮಾರು 18 ಗ್ರಾಂ ಕರಗುತ್ತದೆ. ಜನವರಿಯ ಬೆಳಗಿನ ಬಾಟಲಿಯೂ ಏಪ್ರಿಲ್‌ನ ಬಾಟಲಿಯೂ ನೋಡಲು ಒಂದೇ ತೆರ, ಬಲದಲ್ಲಿ ಅರ್ಧಕ್ಕರ್ಧ ವ್ಯತ್ಯಾಸ. ಚಳಿಯಲ್ಲೂ ಪೂರ್ತಿ ಕರಗಿರುವ ನೂರಕ್ಕೆ ಐದರ ದ್ರಾವಣಕ್ಕೆ ಇಳಿದ ಮೇಲೆ ಅವರ ತೊಂದರೆ ತೀರಿತು.

ಲೇಬಲ್ಲಿನ ಮೇಲೆ ಒಂದು ಕಣ್ಣಿರಲಿ. ಹರಳು ಹೈಪೋ (ಚಿತ್ರವನ್ನು ಸ್ಥಿರಗೊಳಿಸುವ ಸೋಡಿಯಂ ಥಯೋಸಲ್ಫೇಟ್) ಬೇಕೆಂದ ಸೂತ್ರಕ್ಕೆ ನೀರಿಲ್ಲದ ಹೈಪೋ ಪುಡಿ ಸಿಕ್ಕಿದ್ದರೆ 100 ಗ್ರಾಂ ಬದಲು 64 ಗ್ರಾಂ ಸಾಕು. ಹರಳಿನ ವಾಷಿಂಗ್ ಸೋಡಾ 100 ಗ್ರಾಂ ಇದ್ದಲ್ಲಿ ನೀರಿಲ್ಲದ ಸೋಡಿಯಂ ಕಾರ್ಬೊನೇಟ್ 37 ಗ್ರಾಂ. ಹಳೆಯ ಸ್ಟುಡಿಯೋ ಪುಸ್ತಕಗಳ ಗ್ರೇನ್ 0.0648 ಗ್ರಾಂ, ತೊಲೆ 180 ಗ್ರೇನ್, ಅಂದರೆ 11.66 ಗ್ರಾಂ. ಔನ್ಸ್ ಮಾತ್ರ ಮೋಸದ ಪದ: ದ್ರವಕ್ಕೆ ಬ್ರಿಟಿಷ್ ಔನ್ಸ್ 28.4 ಮಿಲಿ, ಅಮೆರಿಕದ್ದು 29.6 ಮಿಲಿ, ಘನಕ್ಕೆ ಒಂದು ಕಡೆ 437.5 ಗ್ರೇನ್, ಇನ್ನೊಂದು ಕಡೆ 480. ಪುಸ್ತಕ ಎಲ್ಲಿಯದೆಂದು ನೋಡದೆ ಲೆಕ್ಕ ಹಾಕಬಾರದು.

ಹನಿ ಎಣಿಸುವವರು ಡ್ರಾಪರ್ ಬದಲಿಸಿದಾಗಲೆಲ್ಲ 20 ಹನಿಗಳನ್ನು ತಕ್ಕಡಿಯ ಮೇಲೆ ಹಾಕಿ ನೋಡಬೇಕು. ತುದಿ ದಪ್ಪವಾದರೆ ಹನಿಯೂ ದಪ್ಪ. ಎ ದ್ರಾವಣಕ್ಕೊಂದು, ಬಿ ದ್ರಾವಣಕ್ಕೊಂದು ಬೇರೆ ಜಾತಿಯ ಡ್ರಾಪರ್ ಇಟ್ಟುಕೊಂಡು 'ಸಮಭಾಗ' ಎಂದು ಎಣಿಸಿದರೆ ಅದು ಸಮಭಾಗವಲ್ಲ.

ಮೂರನೆಯ ಮಹಡಿಯ ಹುಡುಗಿ ಆಗಸ್ಟ್ ಮೊದಲ ವಾರ ಹೊಸ ಪೊಟ್ಟಣವೊಂದನ್ನು ಒಡೆದು ಪೂರ್ತಿ ಕರಗಿಸಿದಳು, ಫೆರಿಸಯನೈಡನ್ನು ಪಾತ್ರೆ ಸಮೇತ 20 ಗ್ರಾಂ ತೂಗಿ 200 ಮಿಲಿ ಮಾಡಿದಳು. ಕಳೆದುಹೋಗಿದ್ದ ಮೂರು ಮೆಟ್ಟಿಲೂ ಮರಳಿ ಬಂದವು. ಈಗ ಅವಳ ಬಾಟಲಿಗಳ ಮೇಲೆ ದ್ರಾವಣದ ಹೆಸರಿನ ಕೆಳಗೆ ತಾರೀಕು, ಖಾಲಿ ಪಾತ್ರೆಯ ತೂಕ, ತುಂಬಿದ ಪಾತ್ರೆಯ ತೂಕ ಮೂರೂ ಪೆನ್ಸಿಲಿನಲ್ಲಿ ಬರೆದಿರುತ್ತವೆ.

ಈ ಎಲ್ಲ ಪರೀಕ್ಷೆಗಳು ಸರಿಯೆಂದು ಬಂದೂ ನೀಲಿ ಮಾಸುತ್ತಿದ್ದರೆ ಆಗ ಕಾಗದದ ಸರದಿ. ಅದರ ಮೂಲೆಗೆ ಒಂದು ಹನಿ ವಿನೆಗರ್ ಹಾಕಿ ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಗುಳ್ಳೆ ಏಳುತ್ತಿದ್ದರೆ ಕಾಗದದೊಳಗೆ ಸುಣ್ಣದ ಕಾರ್ಬೊನೇಟ್ ಇದೆ. ಕ್ಷಾರಕ್ಕೆ ಈ ನೀಲಿ ನಿಲ್ಲುವುದಿಲ್ಲ.